ಸಾಯುತ್ತಲೂ ಅರಳುವ ಹವಳ: ನನ್ನ ಗೋನಿಯೋಪೋರಾ ಅನುಭವ

ಮೊದಲ ಗೋನಿಯೋಪೋರಾ ನನ್ನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನಲ್ಲಿ ಎಂಟು ತಿಂಗಳು ಇತ್ತು. ಅದರಲ್ಲಿ ಕೊನೆಯ ಐದು ತಿಂಗಳು ಅದು ಸಾಯುತ್ತಾ ಇತ್ತು, ನನಗೆ ಗೊತ್ತೇ ಆಗಲಿಲ್ಲ. ದಿನಾ ಲೈಟ್ ಹತ್ತಿದ ಮೇಲೆ ಅರಳುತ್ತಿತ್ತು. ನೀರು ಆಡಿದ ಹಾಗೆ ತಾನೂ ಆಡುತ್ತಿತ್ತು. ಮನೆಗೆ ಬಂದವರೆಲ್ಲ ಮೀನು ಬಿಟ್ಟು ಅದನ್ನೇ ನೋಡುತ್ತಿದ್ದರು. ಸಾಯುತ್ತಿರುವ ಜೀವ ಹೀಗೆ ಅರಳುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ ಹೇಳಿ?

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಲ್ಲು ಹವಳ. ಒಳಗೆ ಸುಣ್ಣದ ಗಟ್ಟಿ ಗುಂಡು. ಅದರ ಮೇಲೆ ತೆಳ್ಳಗಿನ ಜೀವಂತ ಚರ್ಮ. ಆ ಚರ್ಮದಿಂದ ಹೂವಿನ ದೇಟಿನಂತೆ ಎದ್ದು ನಿಲ್ಲುವ ಉದ್ದುದ್ದ ಪಾಲಿಪ್‌ಗಳು. ಪ್ರತಿ ಪಾಲಿಪ್‌ನ ತುದಿಯಲ್ಲಿ 24 ಎಸಳು, ನಡುವೆ ಬಾಯಿ. ನೋಡಲು ಹೀಗೇ ಇರುವ ಆಲ್ವಿಯೋಪೋರಾಕ್ಕೆ 12 ಎಸಳು ಮಾತ್ರ. ಭೂತಗನ್ನಡಿ ಹಿಡಿದು ಎಣಿಸಿ ನೋಡಿದರೆ ಒಂದರ ಹೆಸರು ಹೇಳಿ ಇನ್ನೊಂದನ್ನು ನಿಮ್ಮ ಕೈಗೆ ಯಾರೂ ದಾಟಿಸಲಾರರು.

ಹಳೇ ರೀಫ್ ಟ್ಯಾಂಕಿನವರಲ್ಲಿ, ಅಂದರೆ ಮನೆಯಲ್ಲಿ ಹವಳ ಸಾಕುವವರಲ್ಲಿ, ಇದರ ಹೆಸರು ಕೆಟ್ಟಿದೆ. ತಂದು ವರ್ಷ ತುಂಬುವುದರೊಳಗೆ ಹೋಗುತ್ತದೆ ಅಂತಲೇ ಮಾತು. ನನಗೂ ಹೇಳಿದ್ದರು. ನಾನು ಕೇಳಲಿಲ್ಲ. ಟ್ಯಾಂಕ್ ಶುರುಮಾಡಿ ನಾಲ್ಕೇ ತಿಂಗಳಾಗಿತ್ತು. ಸಮುದ್ರದಿಂದ ತೆಗೆದ, ಮುಷ್ಟಿಗಿಂತ ದೊಡ್ಡದಾದ ಹಸಿರು ಗುಂಡನ್ನು ತಂದು ಮರಳಿನ ಮೇಲೆ ಇಟ್ಟೆ. ಇಟ್ಟವನು ಸುಮ್ನೆ ಇದ್ದೆನಾ? ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಂಡೆಯ ಮೇಲೆ, ಆಮೇಲೆ ಮತ್ತೆ ಮರಳಿಗೆ. ಪ್ರತಿ ಸಲ ಎತ್ತಿದಾಗಲೂ ಪಾಲಿಪ್‌ಗಳು ಒಳಗೆ ಸೇರಿಕೊಳ್ಳುತ್ತಿದ್ದವು. ಎರಡು ದಿನ ಬಿಟ್ಟು ಹೊರಗೆ ಬರುತ್ತಿದ್ದವು. ಬಂತಲ್ಲ, ಸಾಕು ಅಂದುಕೊಳ್ಳುತ್ತಿದ್ದೆ.

ಮೂರನೇ ತಿಂಗಳಲ್ಲಿ ಬುಡದ ಸುತ್ತ ಒಂದು ಬಿಳಿ ಗೆರೆ ಕಂಡಿತ್ತು. ಎರಡು ಮಿಲಿಮೀಟರ್ ಇರಬಹುದು. ನೆರಳಲ್ಲಿ ಇದ್ದಿದ್ದಕ್ಕೆ ಬಣ್ಣ ಹೋಗಿದೆ ಅಂತ ನಾನೇ ಸಮಾಧಾನ ಹೇಳಿಕೊಂಡೆ. ಅದು ಬಣ್ಣ ಹೋಗಿದ್ದಲ್ಲ, ಚರ್ಮ ಮೇಲಕ್ಕೆ ಸರಿದು ಒಳಗಿನ ಕಲ್ಲು ಕಾಣುತ್ತಿದ್ದುದು. ಆಮೇಲೆ ಆ ಜಾಗದಲ್ಲಿ ಪಾಚಿ ಹಿಡಿದು ಬಿಳಿ ಹೋಗಿ ಕಂದು ಆಯಿತು. ಬಿಳಿ ಕಾಣದೇ ಹೋಗಿದ್ದಕ್ಕೆ ವಾಸಿಯಾಯಿತು ಅಂತ ಖುಷಿಪಟ್ಟೆ ನೋಡಿ, ಆ ದಡ್ಡತನ ನೆನೆದರೆ ಈಗಲೂ ಕಸಿವಿಸಿ. ಮೇಲೆ ಅರಳಿದ್ದ ಪಾಲಿಪ್‌ಗಳು ಕೆಳಗಿನದನ್ನು ಮುಚ್ಚಿಟ್ಟಿದ್ದವು.

ಯಾಕೆ ಸತ್ತಿತು ಅಂತ ಹಳೇ ಟೆಸ್ಟ್ ಪುಸ್ತಕ ತೆಗೆದು ನೋಡಿದೆ. ನೈಟ್ರೇಟ್ 0, ಫಾಸ್ಫೇಟ್ 0. ವಾರಗಟ್ಟಲೆ ಸೊನ್ನೆಯ ಸಾಲು. ಆಗ ಅದು ನನ್ನ ಹೆಮ್ಮೆ, ಇಷ್ಟು ಶುದ್ಧ ನೀರು ಯಾರಲ್ಲಿದೆ ಅಂತ. ಅವೆರಡೂ ಚೂರಾದರೂ ಇರದಿದ್ದರೆ ಹವಳಕ್ಕೆ ಪೋಷಣೆ ಸಾಲದು ಅಂತ ಗೊತ್ತಿರಲಿಲ್ಲ. ಹವಳದ ಚರ್ಮದೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಅದೊಂದೇ ಸಾಕು ಅಂತ ನಾನು ಒಂದು ಚೂರೂ ತಿನ್ನಿಸಿರಲಿಲ್ಲ. ಬೆಳಕು ಅರ್ಧ ಹೊಟ್ಟೆ ತುಂಬಿಸಿರಬಹುದು. ಉಳಿದರ್ಧಕ್ಕೆ ಅದು ತನ್ನ ಮೈಯನ್ನೇ ಕರಗಿಸಿಕೊಂಡಿತು ಅಂತ ನನಗನ್ನಿಸುತ್ತದೆ.

ಎರಡನೆಯದಕ್ಕೆ ಒಂದೂವರೆ ವರ್ಷ ಕಾದೆ. ಅಷ್ಟರಲ್ಲಿ ಟ್ಯಾಂಕ್ ಹದಕ್ಕೆ ಬಂದಿತ್ತು. ಮೀನಿಗೆ ಊಟ ಜಾಸ್ತಿ ಮಾಡಿದೆ, ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಒಳಗೆ, ಫಾಸ್ಫೇಟ್ 0.05ರ ಆಸುಪಾಸು ನಿಲ್ಲಲು ಬಿಟ್ಟೆ. ಗಾಜಿನ ಮೇಲೆ ಸ್ವಲ್ಪ ಪಾಚಿ ಬಂತು. ಬರಲಿ, ಉಜ್ಜಿದರಾಯಿತು.

ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಈ ಸಲ ಮೂರು ಸಲ ಹೋಗಿ ನೋಡಿದೆ, ಮೂರು ವಾರಗಳ ಅಂತರದಲ್ಲಿ. ಮಾರುವವರಿಗೆ ಬೇಜಾರಾಗಿರಬೇಕು. ಉದ್ದುದ್ದ ಪಾಲಿಪ್‌ನ ಒಂದು ಹಸಿರು ಗುಂಡು ಅಲ್ಲೂ ಇತ್ತು, ಕಣ್ಣು ಅತ್ತ ಎಳೆಯುತ್ತಿತ್ತು. ಪಕ್ಕದಲ್ಲೇ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಗಿನ ಕೆಂಪು ತುಂಡು. ಪಾಲಿಪ್ ಗಿಡ್ಡ, ನೋಡಲು ಅಷ್ಟಕ್ಕಷ್ಟೆ. ಆದರೆ ಅದು ಕತ್ತರಿಸಿ ಪ್ಲಗ್ ಅನ್ನುವ ಪುಟ್ಟ ಬಿಲ್ಲೆಗೆ ಅಂಟಿಸಿ ಟ್ಯಾಂಕಿನಲ್ಲೇ ಬೆಳೆಸಿದ್ದು. ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ಬದುಕಲು ಅದು ಆಗಲೇ ಕಲಿತಿದೆ. ಕೆಂಪು ಬಣ್ಣದವು ಹಸಿರಿಗಿಂತ ಗಟ್ಟಿ ಅಂತ ಸಾಕಿದವರು ಹೇಳುತ್ತಾರೆ, ನನ್ನ ಅನುಭವವೂ ಅದೇ. ಇನ್ನೊಂದು ವಿಷಯ. ಕಲ್ಲು ಹವಳಗಳೆಲ್ಲ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಕಾಗದವಿಲ್ಲದೆ ಗಡಿ ದಾಟುವಂತಿಲ್ಲ. ಎಲ್ಲಿಂದ ಬಂತು, ಸಾಕಲು ಕಾನೂನಿನ ಅಡ್ಡಿ ಇಲ್ಲವಾ ಅಂತ ಕೇಳುವುದಕ್ಕೆ ನಾಚಿಕೆ ಬೇಡ.

ನಾನು ನೋಡಿದ್ದು ಹೂವನ್ನಲ್ಲ, ಬುಡವನ್ನು. ಚರ್ಮ ಪ್ಲಗ್‌ವರೆಗೂ ಇಳಿದಿದೆಯಾ? ಅಂಚು ದಪ್ಪಗೆ, ಉಬ್ಬಿದಂತೆ ಇದೆಯಾ ಅಥವಾ ಕತ್ತರಿಸಿದಂತೆ ನಿಂತಿದೆಯಾ? ಎಲ್ಲಾದರೂ ಕಂದು ಲೋಳೆ ತೂಗುತ್ತಿದೆಯಾ? ಆ ಲೋಳೆ ಕಂಡರೆ ಆ ಹವಳವೂ ಬೇಡ, ಅದೇ ನೀರಿನ ಬೇರೆ ಹವಳವೂ ಬೇಡ. ಕೊನೆಯ ಸಲ ಹೋದಾಗ ನನ್ನ ಮುಂದೆಯೇ ತಿನ್ನಿಸಲು ಕೇಳಿದೆ. ಎಸಳುಗಳು ಬಾಯಿಯ ಕಡೆ ಮಡಿಚಿದವು. ತಂದುಬಿಟ್ಟೆ.

ನೀರಿನಿಂದ ಎತ್ತುವ ಮೊದಲು ಪಾಲಿಪ್ ಪೂರ್ತಿ ಒಳಗೆ ಹೋಗಲು ಬಿಡಬೇಕು. ಅರಳಿದ್ದಾಗಲೇ ಎತ್ತಿದರೆ ಒಳಗಿನ ನೀರಿನ ಭಾರಕ್ಕೆ ಚರ್ಮ ಹರಿಯಬಹುದು. ಅಯೋಡಿನ್ ಡಿಪ್‌ನಲ್ಲಿ, ಅಂದರೆ ಸೋಂಕು ಕಳೆಯುವ ದ್ರಾವಣದಲ್ಲಿ, ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ಅದ್ದಿದೆ, ಪ್ಲಗ್‌ನ ಅಡಿಯಲ್ಲಿ ಹುಳದ ಮೊಟ್ಟೆ ಇದೆಯಾ ಅಂತ ನೋಡಿದೆ, ಜೆಲ್ ಸೂಪರ್ ಗ್ಲೂ ಹಾಕಿ ಕೆಳಗಿನ ಬಂಡೆಗೆ ಅಂಟಿಸಿದೆ. ಅಂಟಿಸಿದ್ದು ಹವಳಕ್ಕಾಗಿ ಅಲ್ಲ, ನನಗಾಗಿ. ಅಂಟಿಸಿದ ಮೇಲೆ ಎತ್ತಿಡುವ ಆಸೆ ಹೋಗುತ್ತದೆ.

ನಾಲ್ಕು ದಿನ ತೆರೆಯಲೇ ಇಲ್ಲ. ಕೈ ತುರಿಸುತ್ತಿತ್ತು. ಇದರಲ್ಲಿ ಪಳಗಿದ ಗೆಳೆಯನಿಗೆ ಫೋನ್ ಮಾಡಿದರೆ, "ಕೈ ಕಟ್ಕೊಂಡು ಕೂತ್ಕೋ ಮಾರಾಯ, ನೀನು ಮುಟ್ಟದೇ ಇದ್ರೆ ಅದು ಬದುಕುತ್ತೆ" ಅಂದ. ಐದನೇ ದಿನ ಮಧ್ಯಾಹ್ನ ಹತ್ತಿಪ್ಪತ್ತು ಪಾಲಿಪ್ ಅರ್ಧ ಸೆಂಟಿಮೀಟರ್ ಹೊರಗೆ ಬಂದಿದ್ದವು. ಲೈಟ್ ಮೀಟರ್ ಎರವಲು ತಂದು ಅಳೆದೆ. ಪಾರ್ ಅಂದರೆ ಪಾಚಿ ಬಳಸಿಕೊಳ್ಳಬಲ್ಲ ಬೆಳಕಿನ ಅಳತೆ. 70 ಪಾರ್‌ನಿಂದ ಶುರುಮಾಡಿ ಐದು ವಾರದಲ್ಲಿ 110ಕ್ಕೆ ಏರಿಸಿದೆ. ಈಗಲೂ ಅಷ್ಟೇ ಇದೆ.

ನೀರಿನ ಓಟಕ್ಕೆ ಮೀಟರ್ ಬೇಡ, ಪಾಲಿಪ್ ನೋಡಿದರೆ ಸಾಕು. ಎಲ್ಲವೂ ಒಂದೇ ಕಡೆ ಬಾಗಿ ನಿಂತಿವೆ ಅಂದರೆ ನೀರು ಓಡಿಸುವ ವೇವ್‌ಮೇಕರ್ ನೇರವಾಗಿ ಹೊಡೆಯುತ್ತಿದೆ. ಅಲುಗದೆ ನಿಂತಿದ್ದರೆ ಓಟ ಸಾಲದು, ಬುಡದಲ್ಲಿ ಕಸ ಕೂರುತ್ತದೆ. ಒಂದು ಇತ್ತ, ಒಂದು ಅತ್ತ ತೂಗಾಡುತ್ತಿರಬೇಕು. ನಾನು ವೇವ್‌ಮೇಕರ್ ಅನ್ನು ಗಾಜಿಗೆ ತಿರುಗಿಸಿಟ್ಟೆ. ಗಾಜಿಗೆ ಬಡಿದು ಚದುರಿ ಬಂದ ನೀರು ಇದಕ್ಕೆ ಹಿಡಿಸಿತು.

ವಾರಕ್ಕೆ ಎರಡು ಸಲ ಊಟ. ನುಣ್ಣಗಿನ ಪ್ಲಾಂಕ್ಟನ್ ಪುಡಿಯನ್ನು ಟ್ಯಾಂಕಿನ ನೀರಲ್ಲೇ ಕಲಸಿ, ಪಂಪು, ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ನಿಲ್ಲಿಸಿ, ಪಿಪೆಟ್‌ನಿಂದ ಹವಳದ ಮೇಲೆ ಮೋಡದಂತೆ ಬಿಡುತ್ತೇನೆ. ಎಸಳಿಗೆ ಅಂಟಿದ ಕಣ ನಿಧಾನಕ್ಕೆ ಬಾಯಿಗೆ ಸಾಗುವುದನ್ನು ಮೂಗು ಗಾಜಿಗೆ ಒತ್ತಿ ನೋಡುತ್ತಾ ಕೂತರೆ ಇಪ್ಪತ್ತು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ. ಒಂದು ರಾತ್ರಿ ಪಂಪು ಮತ್ತೆ ಹಾಕಲು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ಎದ್ದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಪುಣ್ಯಕ್ಕೆ ಒಂದೂ ಸಾಯಲಿಲ್ಲ. ಅವತ್ತೇ ಪಂಪಿಗೆ ತಾನಾಗಿ ಹತ್ತುವ ಟೈಮರ್ ಹಾಕಿದೆ. ತಿನ್ನಿಸಿದರೆ ನೀರು ಕೆಡುತ್ತದೆ, ಅದಕ್ಕೇ ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸುತ್ತೇನೆ.

ಆರನೇ ತಿಂಗಳಲ್ಲಿ ಒಂದು ಆತಂಕ. ಎರಡು ವಾರ ಪಾಲಿಪ್ ಗಿಡ್ಡವಾದವು. ಆಲ್ಕಲಿನಿಟಿ (ನೀರಿನ ಕ್ಷಾರದ ಅಳತೆ) 8 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300 ಪಿಪಿಎಂ, ಉಷ್ಣಾಂಶ 25 ಡಿಗ್ರಿ. ಎಲ್ಲ ಸರಿಯಿದೆ, ಉಪ್ಪು ಕೂಡ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಅಂತ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಹೇಳುತ್ತಿದೆ. ಮತ್ತೇನು ಕಷ್ಟ ಇದಕ್ಕೆ? ತಪ್ಪು ರಿಫ್ರ್ಯಾಕ್ಟೋಮೀಟರ್‌ನದೇ. ನಾನು ಶುದ್ಧ ನೀರು ಹಾಕಿ ಸೊನ್ನೆಗೆ ಹೊಂದಿಸುತ್ತಿದ್ದೆ. ಸೊನ್ನೆಯಲ್ಲಿ ನಿಜ ಹೇಳುವ ಉಪಕರಣ 35ರಲ್ಲೂ ನಿಜ ಹೇಳಬೇಕೆಂದಿಲ್ಲ. 35 ಪಿಪಿಟಿಯ ದ್ರಾವಣ ತಂದು ಹೊಂದಿಸಿ ನೋಡಿದರೆ ಟ್ಯಾಂಕ್ 31ರಲ್ಲಿತ್ತು! ಗಾಬರಿಯಲ್ಲಿ ಒಂದೇ ದಿನ ಉಪ್ಪು ಸುರಿಯಲಿಲ್ಲ. ಆವಿಯಾದಷ್ಟಕ್ಕೆ ಸಿಹಿನೀರಿನ ಬದಲು ಉಪ್ಪುನೀರು ಸೇರಿಸುತ್ತಾ ಹತ್ತು ಹನ್ನೆರಡು ದಿನದಲ್ಲಿ ಮೇಲಕ್ಕೆ ತಂದೆ. ಪಾಲಿಪ್‌ಗಳೂ ದಿನದಿಂದ ದಿನಕ್ಕೆ ಉದ್ದವಾದವು.

ಇನ್ನು ಕ್ಲೌನ್‌ಫಿಶ್ ಕಥೆ. ಈ ಮೀನು ಮನೆ ಮಾಡಿಕೊಳ್ಳುವ ಕಡಲ ಹೂವು (ಸೀ ಅನೆಮೊನಿ) ಸಿಗದ ನನ್ನ ಜೋಡಿಗೆ ಈ ಹವಳವೇ ಮನೆ ಅನ್ನಿಸಿತು. ಹಗಲೆಲ್ಲ ಮೈ ಉಜ್ಜುವುದು, ರಾತ್ರಿ ಅಲ್ಲೇ ಮಲಗುವುದು. ನೋಡಲು ಚೆಂದ, ಹವಳಕ್ಕೆ ಹಿಂಸೆ. ಆ ಮಗ್ಗುಲಿನ ಪಾಲಿಪ್ ತೆರೆಯುವುದೇ ನಿಂತಿತು. ಇನ್ನೊಂದು ಮೂಲೆಯಲ್ಲಿ ಸಾರ್ಕೋಫೈಟನ್ ಅನ್ನುವ ಮೆತ್ತನೆಯ ಹವಳ ಇಟ್ಟೆ, ಮೂರು ವಾರದಲ್ಲಿ ಮೀನೆರಡೂ ಮನೆ ಬದಲಿಸಿದವು. ಆದರೆ ಆ ಮೆತ್ತನೆಯ ಹವಳ ನೀರಿಗೆ ವಿಷದಂಥ ರಾಸಾಯನಿಕ ಬಿಡುತ್ತದೆ, ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್ ಬೇಕು. ಕಾರ್ಬನ್ ಹಾಕಿದರೆ ನೀರಿನ ಹಳದಿ ಹೋಗಿ ಬೆಳಕು ಒಮ್ಮೆಲೇ ಜೋರಾಗುತ್ತದೆ, ಅದಕ್ಕೆ ಚೂರು ಚೂರೇ ಹಾಕಬೇಕು. ಒಂದಕ್ಕೆ ಮದ್ದು ಮಾಡಲು ಹೋದರೆ ಇನ್ನೊಂದು ಏಳುತ್ತದೆ. ರೀಫ್ ಟ್ಯಾಂಕ್ ಅಂದರೆ ಇದೇ ಅಲ್ವಾ?

ನೆರೆಯವರಿಗೂ ಜಾಗ ಬಿಡಿ. ಈ ಎಸಳುಗಳು ಕುಟುಕುತ್ತವೆ. ಪಕ್ಕದಲ್ಲಿದ್ದ ಜೋಯಾಂಥಿಡ್‌ಗಳ, ಅಂದರೆ ಹವಳದ ಸಂಬಂಧಿ ಪುಟ್ಟ ಜೀವಿಗಳ, ಒಂದು ಸಾಲು ನನ್ನ ಕಣ್ಣೆದುರೇ ಕರಗಿತು. ಈಗ ಸುತ್ತ ಒಂದು ಗೇಣು ಖಾಲಿ ಬಿಟ್ಟಿದ್ದೇನೆ.

ನಾಲ್ಕು ವರ್ಷ ಆಯಿತು. ಪ್ರತಿ ಭಾನುವಾರ ರಾತ್ರಿ, ಪಾಲಿಪ್ ಒಳಗೆ ಹೋದ ಮೇಲೆ, ಟಾರ್ಚ್ ಹಿಡಿದು ಬುಡ ನೋಡುತ್ತೇನೆ. ಮೊದಲ ವರ್ಷ ಪ್ಲಗ್‌ನ ಅಂಚು ಮುಚ್ಚಿತು. ಆಮೇಲೆ ಬಹಳ ದಿನ ಅಲ್ಲೇ ನಿಂತಿತ್ತು, ಅಂಟಿನ ಬಿಳಿ ಉಂಡೆ ಹಾಗೇ ಕಾಣುತ್ತಿತ್ತು. ಕಳೆದ ತಿಂಗಳು ನೋಡಿದಾಗ ಆ ಉಂಡೆ ಸಿಗಲಿಲ್ಲ. ಬಿದ್ದುಹೋಯಿತಾ ಅಂತ ಟಾರ್ಚ್ ಇನ್ನೂ ಹತ್ತಿರ ತಂದೆ. ತೆಳ್ಳನೆಯ ಕೆಂಪು ಚರ್ಮ ಅದರ ಮೇಲೆ ಹತ್ತಿ, ಆಚೆ ಇಳಿದು, ಬಂಡೆ ಮುಟ್ಟಿತ್ತು. ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಪಾಲಿಪ್ ಮೂರು.