ಹಸ್ಕಿ ಮರಿ ಬೇಕಾ? ಮೊದಲು ತಾಯಿಯನ್ನು ನೋಡಿ

ಹಸ್ಕಿ ನಾಯಿ ಕೊಳ್ಳುವವರು ಮೊದಲು ನೋಡುವುದು ಕಣ್ಣಿನ ಬಣ್ಣ. ಫೋನಿಗೆ ನೀಲಿ ಕಣ್ಣಿನ ಮರಿಯ ಫೋಟೊ ಬಂದರೆ ಸಾಕು, ಮುಂಗಡ ಹೋಗಿಬಿಡುತ್ತದೆ. ನೀರಿನಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ವ್ಯಾಪಾರ ಮಾಡಿದ ಹಾಗೆ. ಕೆಲವು ತಿಂಗಳಾದ ಮೇಲೆ ಅದೇ ಕಣ್ಣಿನಲ್ಲಿ ಪೊರೆ ಬಂದಾಗ ಮಾರಿದವರು ಫೋನ್ ಎತ್ತುವುದಿಲ್ಲ. ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಈ ಲೇಖನ.

ಹೆಜ್ಜೆ 1: ನಿಮಗೆ ಈ ನಾಯಿ ಹೊಂದುತ್ತದಾ?

ಸೈಬೀರಿಯಾದ ಈಶಾನ್ಯ ತುದಿಯ ಚುಕ್ಚಿ ಜನ ಹಿಮದ ಮೇಲೆ ಗಾಡಿ ಎಳೆಸಲು ಬೆಳೆಸಿದ ನಾಯಿ ಇದು. ಹಗುರ ಹೊರೆ ಹೊತ್ತು ಬಹುದೂರ ಓಡುವುದು ಇದರ ಹುಟ್ಟುಗುಣ. ದಿನಾ ಓಡಿಸಬೇಕು. ಬೇಲಿ ಗಟ್ಟಿಯಿರಬೇಕು, ಇಲ್ಲದಿದ್ದರೆ ಅಡಿಯಲ್ಲಿ ತೋಡಿಯೋ ಮೇಲೆ ಹಾರಿಯೋ ಹೋಗೇ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಒಳಗೂದಲು ಕಂತೆಗಟ್ಟಲೆ ಉದುರುತ್ತದೆ. ಕಾವಲಿಗಂತೂ ಬರುವುದಿಲ್ಲ, ಕಳ್ಳನಿಗೂ ಬಾಲ ಅಲ್ಲಾಡಿಸುವ ಜಾತಿ. ನೀವಿರುವುದು ಸೆಕೆ ಜಾಸ್ತಿ ಇರುವ ಕಡೆಯಾದರೆ ಬೇರೆ ತಳಿ ನೋಡಿ. ಎ.ಸಿ. ಹಾಕಿಸುತ್ತೇವೆ ಅನ್ನುವವರಿಗೂ ನನ್ನದು ಇದೇ ಮಾತು.

ಹೆಜ್ಜೆ 2: ಬ್ರೀಡರ್ (ತಳಿ ಬೆಳೆಸಿ ಮರಿ ಮಾರುವವರು) ಹುಡುಕಿ, ಆಮೇಲೆ ಕಾಯಿರಿ

ಯಾವಾಗ ಕೇಳಿದರೂ ಮರಿ ಇದೆ ಅನ್ನುವವರನ್ನು, ಒಂದೇ ಕಡೆ ಎಂಟು ಹತ್ತು ತಳಿ ಇಟ್ಟುಕೊಂಡವರನ್ನು ಬಿಟ್ಟುಬಿಡಿ. ಒಳ್ಳೆಯ ಬ್ರೀಡರ್ ಹತ್ತಿರ ಸಾಮಾನ್ಯವಾಗಿ ಕಾಯಬೇಕಾಗುತ್ತದೆ.

ಹೆಜ್ಜೆ 3: ಕಾಗದ ಓದಿ

ಜನ ಎಡವುವುದು ಇಲ್ಲೇ. ಬ್ರೀಡರ್ ಒಂದು ಫೈಲ್ ಕೊಡುತ್ತಾರೆ. ದಪ್ಪಗಿದೆ, ಸೀಲುಗಳಿವೆ. ಸರಿ, ಆದರೆ ಒಳಗೆ ಏನಿದೆ?

ಲಸಿಕೆ ಕಾರ್ಡ್ ಲಸಿಕೆಯ ಲೆಕ್ಕ ಮಾತ್ರ ಹೇಳುತ್ತದೆ. ವಂಶಾವಳಿ ಪತ್ರ ಅಪ್ಪ ಅಮ್ಮ ಯಾರೆಂದು ಹೇಳುತ್ತದೆ, ಅವು ಆರೋಗ್ಯವಾಗಿವೆ ಅಂತ ಹೇಳುವುದಿಲ್ಲ. ‘ಡಾಕ್ಟರ್ ನೋಡಿದ್ದಾರೆ, ಎಲ್ಲ ಸರಿ ಇದೆ’ ಎಂಬ ಚೀಟಿ ಬರೀ ಆ ದಿನದ ಮಾತು. ನಿಮಗೆ ಬೇಕಾದ್ದು ಬೇರೆ ಎರಡು ಕಾಗದ: ತಂದೆ ತಾಯಿ ಇಬ್ಬರದೂ ಕಣ್ಣಿನ ಪರೀಕ್ಷೆ ಮತ್ತು ಸೊಂಟದ ಕೀಲಿನ ಎಕ್ಸ್-ರೇ ವರದಿ.

ಕಣ್ಣು ಯಾಕೆ? ವಂಶದಿಂದ ಬರುವ ಪೊರೆ, ದೃಷ್ಟಿಪಟಲ ಸವೆಯುವ ರೋಗ, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ತೊಂದರೆ, ಈ ಮೂರೂ ಹಸ್ಕಿಯಲ್ಲಿ ಇವೆ. ಮರಿಯ ಕಣ್ಣು ಇವತ್ತು ಚೆನ್ನಾಗಿದ್ದು ಮುಂದೆ ಪೊರೆ ಕಟ್ಟಬಹುದು. ಅದಕ್ಕೇ ತಂದೆ ತಾಯಿಯನ್ನು ಪ್ರಾಣಿಗಳ ನೇತ್ರತಜ್ಞರ ಹತ್ತಿರ ಪ್ರತಿ ವರ್ಷ ತೋರಿಸಬೇಕು. ಕಾಗದದ ಮೇಲಿನ ತಾರೀಖು ಒಂದು ವರ್ಷಕ್ಕಿಂತ ಹಳೆಯದಾದರೆ ಅದು ಲೆಕ್ಕಕ್ಕಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿದ್ದೇವೆ ಅಂದರೆ ಸಂತೋಷ, ಕಣ್ಣಿನ ಕಾಗದ ಆದರೂ ತೋರಿಸಲಿ.

ಸೊಂಟದ ವರದಿ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಎಕ್ಸಲೆಂಟ್, ಗುಡ್, ಫೇರ್ ಇದ್ದರೆ ಪಾಸ್. ನಾಯಿಗೆ 24 ತಿಂಗಳು ತುಂಬುವ ಮೊದಲು ಅಲ್ಲಿ ಅಂತಿಮ ದರ್ಜೆ ಸಿಗುವುದಿಲ್ಲ. ಯುರೋಪಿನ ಹಲವು ದೇಶಗಳಲ್ಲಿ ‘ಎ’ಯಿಂದ ‘ಇ’ವರೆಗೆ ಕೊಡುತ್ತಾರೆ, ‘ಎ’ ಎಲ್ಲಕ್ಕಿಂತ ಒಳ್ಳೆಯದು. ಬ್ರಿಟನ್ನಿನಲ್ಲಿ 0ಯಿಂದ 106ರವರೆಗೆ ಅಂಕ. ಅಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು, ಜಾಸ್ತಿ ನೋಡಿ ಖುಷಿಪಡಬೇಡಿ.

ಕೊನೆಗೆ, ವರದಿಯಲ್ಲಿರುವ ಹೆಸರು ಮತ್ತು ಮೈಕ್ರೋಚಿಪ್ (ನಾಯಿಯ ಚರ್ಮದಡಿ ಹಾಕುವ ಗುರುತಿನ ಚಿಪ್) ಸಂಖ್ಯೆ ವಂಶಾವಳಿ ಪತ್ರಕ್ಕೆ ತಾಳೆಯಾಗುತ್ತದಾ ನೋಡಿ. ಯಾವುದೋ ನಾಯಿಯ ವರದಿಯನ್ನು ಇನ್ಯಾವುದೋ ಫೈಲಿಗೆ ಸೇರಿಸುವುದು ಕಷ್ಟದ ಕೆಲಸವೇನಲ್ಲ.

ಮಧ್ಯದಲ್ಲಿ ಒಂದು ಮಾತು. ‘ಅಪರೂಪದ ಬಣ್ಣ’, ‘ಮಿನಿ ಹಸ್ಕಿ’, ‘ದೈತ್ಯ ಹಸ್ಕಿ’ ಅಂತ ಜಾಸ್ತಿ ದುಡ್ಡು ಕೇಳುತ್ತಾರಲ್ಲ, ಅದು ಬರೀ ವ್ಯಾಪಾರ. ಗಂಡು 20ರಿಂದ 27 ಕೆ.ಜಿ., ಹೆಣ್ಣು 16ರಿಂದ 23 ಕೆ.ಜಿ. ತೂಗಬೇಕು. ನಲವತ್ತು ಕೆ.ಜಿ. ಬೆಳೆಯುತ್ತದೆ ಅಂದರೆ ಬೇರೆ ತಳಿ ಬೆರೆತಿರಬಹುದು. ಮೈತುಂಬ ಉದ್ದ ಕೂದಲಿನ ‘ವುಲ್ಲಿ’ ಮುದ್ದಾಗಿ ಕಾಣುತ್ತದೆ, ಆದರೆ ತಳಿಯ ಮಾನದಂಡದಲ್ಲಿ ಅದು ದೋಷ. ನೀಲಿ ಕಣ್ಣಿಗೂ ಬೆಲೆ ಏರಿಸಬೇಕಿಲ್ಲ. ನೀಲಿ, ಕಂದು, ಒಂದೊಂದು ಕಣ್ಣು ಒಂದೊಂದು ಬಣ್ಣ, ಎಲ್ಲವೂ ಮಾನ್ಯ. ಅಲ್ಲದೆ ಕಣ್ಣು ಬಿಟ್ಟ ಹೊಸತರಲ್ಲಿ ಎಲ್ಲ ಮರಿಗಳ ಕಣ್ಣೂ ನೀಲಿಯೇ. ಆಗಿನ ಫೋಟೊ ನಂಬಿ ದುಡ್ಡು ಕಳಿಸುತ್ತಾರೆ, ಏನು ಹೇಳೋಣ!

ಹೆಜ್ಜೆ 4: ತಾಯಿಯ ಹತ್ತಿರ ಕೂತುಕೊಳ್ಳಿ

ಮರಿಗಳು ಬೆಳೆಯುತ್ತಿರುವ ಜಾಗಕ್ಕೇ ಹೋಗಿ. ‘ಅರ್ಧ ದಾರಿಗೆ ತಂದುಕೊಡುತ್ತೇವೆ’ ಅಂದರೆ ಬೇಡ ಅನ್ನಿ. ಬೇರೆ ಹೆಣ್ಣು ನಾಯಿ ತೋರಿಸಿ ಇದೇ ತಾಯಿ ಅನ್ನುವವರೂ ಇದ್ದಾರೆ. ಕಂಡುಹಿಡಿಯುವುದು ಸುಲಭ. ಹಾಲೂಡಿಸಿದ ತಾಯಿಯ ಮೊಲೆ ಜೋತುಬಿದ್ದಿರುತ್ತದೆ. ಮರಿಗಳು ಅದನ್ನು ಕಂಡ ಕೂಡಲೇ ಹೊಟ್ಟೆಯಡಿ ನುಗ್ಗುತ್ತವೆ. ಈದ ಮೇಲೆ ಕೂದಲು ಉದುರಿ ಮೈ ಬಡಕಲಾಗಿ ಕಾಣುವುದು ಮಾಮೂಲು. ಹಾಗಾಗಿ ತಾಯಿ ಸೊರಗಿದೆ ಅಂತ ಗಾಬರಿ ಬೇಡ, ಫಳಫಳ ಹೊಳೆಯುತ್ತಿದ್ದರೇ ಅನುಮಾನ ಪಡಿ. ಅದು ಜನರ ಹತ್ತಿರ ನೆಮ್ಮದಿಯಾಗಿ ಬರಬೇಕು. ಮೂಲೆಗೆ ಸರಿದು ಗುರುಗುಟ್ಟಿದರೆ ವಾಪಸ್ ಹೊರಡಿ. ತಾಯಿಗೆ ವಯಸ್ಸೆಷ್ಟು, ಇದು ಎಷ್ಟನೇ ಸೂಲು ಕೇಳಿ. ಎರಡು ವರ್ಷ ತುಂಬುವ ಮೊದಲು ಕೂಡಿಸಿದ್ದರೆ, ಪ್ರತಿ ಬೆದೆಗೂ ಮರಿ ಹಾಕಿಸಿದ್ದರೆ ಅಲ್ಲಿ ಕೊಳ್ಳಬೇಡಿ. ತಂದೆ ಅಲ್ಲಿಲ್ಲ ಅಂದರೆ ತಪ್ಪಲ್ಲ. ಎಷ್ಟೋ ಸಲ ಗಂಡು ಬೇರೆಯವರದಾಗಿರುತ್ತದೆ. ಅದರ ಕಾಗದ ಮಾತ್ರ ಇರಲೇಬೇಕು.

ಹೆಜ್ಜೆ 5: ಮರಿ

ಕಣ್ಣು, ಮೂಗು, ಹಿಂಭಾಗ ಶುಚಿಯಾಗಿರಲಿ. ಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಡೋಲಿನಂತಿದ್ದರೆ ಜಂತುಹುಳು ಇರಬಹುದು. ಕೀಲಿಕೈ ಗೊಂಚಲು ಕೆಳಗೆ ಬೀಳಿಸಿ. ಬೆಚ್ಚಿದರೂ ಮೂಸಲು ಬಂದರೆ ಒಳ್ಳೆಯದು. ನಡುಗುತ್ತ ಕೂತ ಮರಿಯನ್ನು ಪಾಪ ಅಂತ ತರಬೇಡಿ. ಯಾವ ಮರಿ ಅಂತ ಬ್ರೀಡರನ್ನೇ ಕೇಳುವುದು ಉತ್ತಮ, ದಿನವಿಡೀ ಅವನ್ನು ನೋಡಿದವರು ಅವರು. ಎಂಟು ವಾರ ತುಂಬದೆ ಮರಿ ಕೊಡುತ್ತೇವೆ ಅಂದರೆ ಒಪ್ಪಬೇಡಿ.

ಹೆಜ್ಜೆ 6: ಕರಾರು

ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ಬ್ರೀಡರ್ ವಾಪಸ್ ತೆಗೆದುಕೊಳ್ಳಬೇಕು ಅಂತ ಬರೆದಿರಲಿ. ಇದೊಂದು ಸಾಲಿಲ್ಲದೆ ನಾನಾದರೆ ಸಹಿ ಹಾಕುವುದಿಲ್ಲ. ನಿಮ್ಮ ಮನೆ, ಕೆಲಸದ ಹೊತ್ತು, ಬೇಲಿಯ ಎತ್ತರ ಎಲ್ಲ ಅವರು ವಿಚಾರಿಸಿದರೆ ಸಿಟ್ಟಾಗಬೇಡಿ, ಅಂಥವರೇ ಬೇಕು. ಈಗ ತಿನ್ನುತ್ತಿರುವ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ಎರಡು ಮೂರು ದಿನದೊಳಗೆ ನಿಮ್ಮದೇ ಪಶುವೈದ್ಯರಿಗೆ ತೋರಿಸಿ. ಮರಿಗೆ ಚಿಪ್ ಹಾಕಿಸಿದ್ದರೆ ಅಲ್ಲಿಂದ ಹೊರಡುವ ಮೊದಲೇ ಸ್ಕ್ಯಾನ್ ಮಾಡಿಸಿ, ಸಂಖ್ಯೆ ಕರಾರಿನಲ್ಲಿರುವುದೇ ಹೌದಾ ನೋಡಿಕೊಳ್ಳಿ.