ಹೊಸ ಗಾಡಿಗೆ ಒಣ ಬಟ್ಟೆ ಮುಟ್ಟಿಸಬೇಡಿ

ಗಾಡಿ ಬುಕ್ ಮಾಡಿದ ದಿನವೇ ಶೋರೂಮಿನವರಿಗೆ ಒಂದು ಮಾತು ಹೇಳಿಡಿ: ಡೆಲಿವರಿಗೆ ಮುಂಚೆ ಪಾಲಿಶ್ ಹೊಡೆಯೋದು ಬೇಡ, ಬರೀ ನೀರು ಹಾಯಿಸಿ ಕೊಟ್ಟರೆ ಸಾಕು. ಯಾರ್ಡಿನಲ್ಲಿ ನಿಂತು ಧೂಳು ತಿಂದ ಗಾಡಿಯನ್ನು, ಬೇರೆ ನಾಲ್ಕು ಗಾಡಿ ಒರೆಸಿದ ಬಟ್ಟೆಯಲ್ಲೇ ಗಸಗಸ ತಿಕ್ಕಿ ಹೊಳಪು ಬರಿಸುತ್ತಾರೆ. ಜೇಡರ ಬಲೆಯಂಥ ಸಣ್ಣ ಗೀರುಗಳು ಮನೆಗೆ ಬಂದ ಮೇಲೆ ಬಿಸಿಲಲ್ಲಿ ಕಾಣುತ್ತವೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಬಾನೆಟ್, ಬಾಗಿಲು ನೋಡಿಕೊಂಡೇ ಸಹಿ ಹಾಕಿ.

ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ. ಎಲ್ಲ ಸೇರಿ ಸುಮಾರು 100ರಿಂದ 130 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50. ಮಷೀನ್ ಪಾಲಿಶ್ ಮಾಡಿಸಿದಾಗಲೆಲ್ಲ ಸವೆಯೋದು ಇದೇ ಪದರ. ಅದಕ್ಕೇ ಗೀರು ತೆಗೆಸುವ ದಾರಿಗಿಂತ ಗೀರು ಬೀಳದ ಹಾಗೆ ನೋಡಿಕೊಳ್ಳೋದು ಲೇಸು.

ಪೂಜೆ ದುಗ್ಗಮ್ಮನ ಗುಡಿ ಮುಂದೆ ಆಗಲಿ, ನಾಯಕನಹಟ್ಟಿಯಲ್ಲಾಗಲಿ, ಸ್ವಸ್ತಿಕವನ್ನು ಬಾನೆಟ್ ಬದಲು ಗಾಜಿನ ಮೂಲೆಗೆ ಬರೆಸಿ. ಅರಿಶಿನ ಬಿಳಿ ಬಣ್ಣಕ್ಕೆ ಕಲೆ ಹಿಡಿಸುತ್ತದೆ. ಒಣಗಿದ ಕುಂಕುಮ ಉಜ್ಜಿದರೆ ಗೀರಾಗುತ್ತದೆ. ಹಾರ ಕಟ್ಟಿದ ತಂತಿ ಬಣ್ಣಕ್ಕೆ ತಾಗದ ಹಾಗೆ ನೋಡಿ. ಗಾಳಿಗೆ ಅದು ಕೆರೆಯುತ್ತಲೇ ಇರುತ್ತದೆ. ತೆಂಗಿನಕಾಯಿ ನಾಲ್ಕು ಹೆಜ್ಜೆ ದೂರ ಒಡೆಯಿರಿ. ನಿಂಬೆರಸ ಸಿಡಿದ ಕಡೆ ಅವತ್ತೇ ನೀರು ಹಾಕಿ.

ಇನ್ನು ದಿನಾ ಬೆಳಿಗ್ಗೆ ಒಣ ಬಟ್ಟೆ ಹಿಡಿದು ಧೂಳು ಹೊಡೆಯುವ ಚಾಳಿ. ಬಣ್ಣಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ನಮ್ಮ ಚಿತ್ರದುರ್ಗದ ಕಡೆ ಧೂಳು ಬರೀ ಮಣ್ಣಲ್ಲ, ಸಣ್ಣ ಮರಳು. ಗಣಿಗಳಿರುವ ಹೊಳಲ್ಕೆರೆ, ಭೀಮಸಮುದ್ರದ ಕಡೆ ಓಡಾಡುವ ಗಾಡಿಗೆ ಅದಿರಿನ ಪುಡಿಯೂ ಸೇರುತ್ತದೆ. ಒಣ ಬಟ್ಟೆಗೆ ಅದು ಸಿಕ್ಕರೆ ಉಪ್ಪುಕಾಗದವೇ ಸರಿ. ಧೂಳು ಕೂತಿದ್ದರೆ ಕೂತಿರಲಿ ಬಿಡಿ, ತೊಳೆಯುವ ದಿನದವರೆಗೆ ಏನೂ ಆಗಲ್ಲ.

ತೊಳೆಯೋದು ಬೆಳಿಗ್ಗೆ ಎಂಟರೊಳಗೆ, ನೆರಳಲ್ಲಿ, ಬಾನೆಟ್ ತಣ್ಣಗಿರುವಾಗ. ಮೊದಲು ಚಕ್ರಗಳು, ಅವಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಆಮೇಲೆ ಮೈಗೆಲ್ಲ ಮೇಲಿಂದ ಕೆಳಕ್ಕೆ ಪೈಪಿನ ನೀರು ಬಿಟ್ಟು, ಕೈ ಹಾಕುವ ಮುಂಚೆಯೇ ಆದಷ್ಟು ಮಣ್ಣು ಇಳಿಸಿ. 15 ಲೀಟರಿನ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ, ಬಾಟಲಿ ಮೇಲೆ ಬರೆದಷ್ಟೇ. ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸು ಶಾಂಪೂಗೆ ಅದ್ದಿ ಮೇಲ್ಛಾವಣಿಯಿಂದ ಶುರು ಮಾಡಿ. ಸುತ್ತು ಹಾಕದೆ ನೇರ ಗೆರೆಯಲ್ಲಿ ಹಗುರಾಗಿ ಎಳೆಯಿರಿ. ಒಂದು ಭಾಗ ಮುಗಿದ ಕೂಡಲೇ ಬರೀ ನೀರಿನಲ್ಲಿ ಹಿಂಡಿ, ಆಮೇಲೆ ಮತ್ತೆ ಶಾಂಪೂಗೆ. ಬಾಗಿಲ ಕೆಳಭಾಗ ಕೊನೆಗೆ, ಮಣ್ಣು ಜಾಸ್ತಿ ಇರೋದೇ ಅಲ್ಲಿ. ಕೈಗವಸು ನೆಲಕ್ಕೆ ಬಿತ್ತೋ, ಚೆನ್ನಾಗಿ ಜಾಲಿಸದೆ ಮತ್ತೆ ಮುಟ್ಟಿಸಬೇಡಿ. ಬಟ್ಟೆ ಸೋಪು, ಪಾತ್ರೆ ಲಿಕ್ವಿಡ್ ಬೇಡ. ಬಣ್ಣ ಕಾಪಾಡಲು ಹಚ್ಚಿದ ವ್ಯಾಕ್ಸೆಲ್ಲ (ಮೇಣದ ಲೇಪ) ಕಿತ್ತು ಹೋಗುತ್ತದೆ.

ಬೋರ್ ನೀರಿನದು ಬೇರೆ ತಲೆನೋವು. ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಬಿಸಿಲು ಬಿದ್ದರೆ ಕ್ಲಿಯರ್ ಕೋಟಿಗೇ ಕಚ್ಚಿಕೊಳ್ಳುತ್ತದೆ. ಕೊನೆಯ ಸುತ್ತಿಗೆ ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ, ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಿ ತೆಗೆಯಿರಿ, ಉಜ್ಜಬೇಡಿ. ಚುಕ್ಕೆ ಆಗಿಬಿಟ್ಟಿದ್ದರೆ ಬಿಳಿ ವಿನೆಗರ್‌ಗೆ ಸಮ ನೀರು ಬೆರೆಸಿ, ಬಟ್ಟೆ ಅದ್ದಿ ಎರಡು ನಿಮಿಷ ಇಟ್ಟು, ಕೂಡಲೇ ತೊಳೆಯಿರಿ.

ಹಕ್ಕಿ ಹಿಕ್ಕೆ ಕಂಡ ದಿನವೇ ತೆಗೆಯಬೇಕು, ಅದರಲ್ಲಿ ಆಮ್ಲ ಇರುತ್ತದೆ. ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿಟ್ಟರೆ ಎತ್ತಿಕೊಂಡೇ ಬರುತ್ತದೆ. ಡಾಂಬರಿನ ಚುಕ್ಕೆಗೆ ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಒರೆಸಿ, ಶಾಂಪೂ ಹಾಕಿ. ಹೊಂಗೆ ಮರದ ಕೆಳಗಿನ ನೆರಳು ತಂಪೇನೋ ಹೌದು, ಆದರೆ ಮೇಲಿಂದ ಅಂಟು ಉದುರುತ್ತದೆ.

ಲೇಪನದ ವಿಷಯಕ್ಕೆ ಬಂದರೆ, ಮನೆಯಲ್ಲಿ ಕೈಯಿಂದ ಹಚ್ಚುವ ವ್ಯಾಕ್ಸ್ ನಮ್ಮ ಬಿಸಿಲಿಗೆ ಒಂದೂವರೆ ಎರಡು ತಿಂಗಳು ತಾಳುತ್ತದೆ, ಸೀಲೆಂಟ್ ಅನ್ನುವ ಕೃತಕ ಲೇಪನ ಅದರ ಎರಡರಷ್ಟು. ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ಸಿರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಬರುತ್ತದೆ, ತೊಳೆಯೋದು ಸುಲಭ. ಆದರೆ ಕಲ್ಲೇಟು ತಡೆಯುತ್ತದೆ ಅಂದರೆ ನಂಬಬೇಡಿ. ಕಲ್ಲೇಟು ತಡೆಯೋದು 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಫಿಲ್ಮ್. ಇಡೀ ಗಾಡಿಗೆ ದುಬಾರಿಯಾದೀತು. ಹೆದ್ದಾರಿಯಲ್ಲಿ ದಿನಾ ಲಾರಿ ಹಿಂದೆ ಓಡಿಸುವವರು ಮುಂದಿನ ಬಂಪರ್, ಬಾನೆಟ್ಟಿನ ಮುಂಭಾಗ, ಬಾಗಿಲ ಅಂಚಿಗೆ ಹಾಕಿಸಿದರೆ ಸಾಕು. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹಾಸಿದ್ದರೆ ಪಕ್ಕಕ್ಕೆ ತಿರುಗಿಸಿ ಹೋಗಿ. ಬಂಪರ್ ಗೀರೋದು ಹಾಗಿರಲಿ, ಹುಲ್ಲು ಸೈಲೆನ್ಸರ್‌ಗೆ ಸುತ್ತಿಕೊಂಡರೆ ಬೆಂಕಿ ಹತ್ತೀತು.

ಗಾಡಿಗೆ ಕವರ್ ಹಾಕೋದು ಶೆಡ್ಡಿನೊಳಗೆ ಸರಿ. ಬಯಲಲ್ಲಿ, ಅದರಲ್ಲೂ ಚಿತ್ರದುರ್ಗದ ಆಷಾಢದ ಗಾಳಿಗೆ ಬೇಡ. ಒಳಗೆ ಸಿಕ್ಕ ಧೂಳಿನ ಮೇಲೆ ಕವರ್ ರಾತ್ರಿಯೆಲ್ಲ ಬಡಿಯುತ್ತದೆ.

ಕಂಪನಿ ಬಣ್ಣ ಒಲೆಯಲ್ಲಿ ಬೆಂದು ಬಂದದ್ದು, ಮೊದಲ ವಾರವೇ ವ್ಯಾಕ್ಸ್ ಹಚ್ಚಬಹುದು. ಮುಂದೆ ಎಲ್ಲಾದರೂ ತಾಗಿ ಗ್ಯಾರೇಜಿನಲ್ಲಿ ಪೇಂಟ್ ಮಾಡಿಸಿದರೆ ಮಾತ್ರ ಆ ಭಾಗಕ್ಕೆ ಒಂದು ತಿಂಗಳು ವ್ಯಾಕ್ಸ್ ಬೇಡ. ಒಳಗಿನ ಸಾಲ್ವೆಂಟ್ (ಬಣ್ಣ ಕರಗಿಸುವ ದ್ರವ) ಪೂರ್ತಿ ಆರಿರುವುದಿಲ್ಲ, ಮೇಲೆ ಮುಚ್ಚಿದರೆ ಬಣ್ಣ ಮಂಕಾಗುತ್ತದೆ.