ಹೊಂಡ ತೋಡಿದ್ದು ನಾನು, ಅವು ಇದ್ದದ್ದು ಕಟ್ಟಿಗೆ ರಾಶಿಯಲ್ಲಿ

ನ್ಯೂಟ್ ಅಂದರೆ ಏನು ಅಂತ ಅಮ್ಮನಿಗೆ ಫೋನಿನಲ್ಲಿ ಹೇಳುವುದು ಸುಲಭವಾಗಿರಲಿಲ್ಲ. "ನೋಡೋಕೆ ಹಲ್ಲಿ ತರ. ಆದರೆ ಹಲ್ಲಿ ಅಲ್ಲ, ಕಪ್ಪೆಯ ನೆಂಟ" ಅಂದೆ.

"ಮೈಮೇಲೆ ಬಿದ್ದರೆ ಏನೋ ಗತಿ?" ಅಂದರು ಅಮ್ಮ. ಪಂಚಾಂಗದಲ್ಲಿ ಹಲ್ಲಿ ಶಕುನದ ಪಟ್ಟಿ ಇರುತ್ತಲ್ಲ, ಅವರ ತಲೆಯಲ್ಲಿ ಅದೇ.

"ಸೂರಿನಿಂದ ಬೀಳೋ ಪ್ರಾಣಿ ಅಲ್ಲಮ್ಮ ಇದು, ನೀರಲ್ಲಿ ಇರುತ್ತೆ" ಅಂದೆ. ನೀರಲ್ಲಿ ಇರುತ್ತೆ ಅನ್ನುವುದು ಅರ್ಧ ಸುಳ್ಳು ಅಂತ ನನಗೇ ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಿತ್ತು.

ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಹತ್ತಿರ. ನನ್ನ ಊರು ಮಲೆನಾಡಿನ ಸಾಗರದ ಕಡೆ. ಮಳೆಗಾಲದಲ್ಲಿ ಕಪ್ಪೆ ಕೂಗದ ರಾತ್ರಿ ಅಂದರೆ ನಿದ್ದೆ ಬಾರದ ರಾತ್ರಿ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಇದ್ದಾಗ ಹಿತ್ತಲಲ್ಲಿ ಒಂದು ಹೊಂಡ ತೋಡೋಣ, ಒಂದೆರಡು ಕಪ್ಪೆಯಾದರೂ ಬರಲಿ ಅಂತ ಗುದ್ದಲಿ ಹಿಡಿದೆ. ಇಲ್ಲಿಯ ಜೇಡಿಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ನಡುವೆ 60 ಸೆಂಟಿಮೀಟರ್ ಆಳ. ಇಷ್ಟಕ್ಕೆ ಎರಡು ವಾರ ಹಿಡಿಯಿತು. ಒಂದು ಕಡೆಯನ್ನು ಮಾತ್ರ ಇಳಿಜಾರಾಗಿ ಬಿಟ್ಟೆ. ಊರ ಕೆರೆಯ ಹಿಂಭಾಗದಲ್ಲಿ ನೀರು ಮೆಲ್ಲಗೆ ಗದ್ದೆಗೆ ಸೇರುತ್ತಲ್ಲ, ಹಾಗೆ. ನಾನು ಯೋಚನೆ ಮಾಡಿ ಮಾಡಿದ ಕೆಲಸ ಅದೊಂದೇ ಇರಬೇಕು. ಹೊಂಡಕ್ಕೆ ಬರುವ, ಹೊಂಡದಿಂದ ಹೋಗುವ ಸಣ್ಣ ಪ್ರಾಣಿಗಳಿಗೆಲ್ಲ ಆ ಇಳಿಜಾರೇ ದಾರಿ.

ತಳಕ್ಕೆ ಹಳೇ ಕಾರ್ಪೆಟ್, ಅದರ ಮೇಲೆ ರಬ್ಬರ್ ಹಾಳೆ. ಆಮೇಲೆ ಆತುರಪಟ್ಟು ನಲ್ಲಿ ನೀರು ತುಂಬಿಸಿದೆ. ತಪ್ಪು. ನಲ್ಲಿ ನೀರಲ್ಲಿ ಗಿಡಕ್ಕೆ ಗೊಬ್ಬರವಾಗುವ ಅಂಶ ಜಾಸ್ತಿ. ಒಂದೇ ತಿಂಗಳಲ್ಲಿ ಹೊಂಡ ಪಾಲಕ್ ಸಾರಿನ ಹಾಗಾಯಿತು. ಅರ್ಧ ನೀರು ಬಕೆಟ್ಟಿನಲ್ಲಿ ಎತ್ತಿ ಗಿಡಗಳಿಗೆ ಹಾಕಿದೆ. ಛಾವಣಿಯ ಮಳೆನೀರನ್ನು ಡ್ರಮ್ಮಿಗೆ ಹಿಡಿದು ತುಂಬಿಸಿದ ಮೇಲೆ ಸರಿಹೋಯಿತು. ಗಿಡಗಳನ್ನು ನರ್ಸರಿಯಿಂದ ತಂದೆ: ನೀರೊಳಗೆ ಬೆಳೆಯುವ ಹಾರ್ನ್‌ವರ್ಟ್, ಅಂಚಿಗೆ ವಾಟರ್ ಮಿಂಟ್, ನೀಲಿ ಹೂವಿನ ವಾಟರ್ ಫರ್ಗೆಟ್‌ಮಿನಾಟ್. ಬೇರೆ ಕೊಳದಿಂದ ಗಿಡ, ನೀರು, ಮೊಟ್ಟೆ ತರಬಾರದು. ಕಪ್ಪೆ, ನ್ಯೂಟ್‌ಗಳನ್ನು ಕೊಲ್ಲುವ ಶಿಲೀಂಧ್ರ ರೋಗ ಹಾಗೇ ಹರಡುತ್ತದೆ. ನ್ಯೂಟನ್ನು ತಂದು ಬಿಡುವುದೂ ಬೇಡ. ಹತ್ತಿರದಲ್ಲಿ ಇದ್ದರೆ ತಾವೇ ಬರುತ್ತವೆ.

ಆದರೆ ನನ್ನ ಹೊಂಡಕ್ಕೆ ಬರಲಿಲ್ಲ. ಕಾರಣ ಐದು ಗೋಲ್ಡ್‌ಫಿಶ್. ಪಕ್ಕದ ಮನೆಯ ಹಿರಿಯರು ಪ್ರೀತಿಯಿಂದ ತಂದುಕೊಟ್ಟರು, ನಾನು ದಾಕ್ಷಿಣ್ಯಕ್ಕೆ ಬೇಡ ಅನ್ನಲಿಲ್ಲ. 2021ರ ವಸಂತದಲ್ಲಿ ಕಪ್ಪೆ ಬಂದು ಮೊಟ್ಟೆಯನ್ನೂ ಇಟ್ಟಿತು. ಗೊದಮೊಟ್ಟೆಗಳು ಒಂದು ವಾರ ಕಂಡವು, ಆಮೇಲೆ ಒಂದೂ ಇಲ್ಲ. ಮೀನಿರುವ ಸಣ್ಣ ಹೊಂಡದಲ್ಲಿ ನ್ಯೂಟ್ ಮರಿಗಂತೂ ಉಳಿಗಾಲವೇ ಇಲ್ಲ. ಕಪ್ಪೆ ಮರಿಗಳಾದರೂ ರಾಶಿ ರಾಶಿ ಇರುತ್ತವೆ, ನ್ಯೂಟ್ ಮರಿಗಳು ಅಷ್ಟು ಇರುವುದಿಲ್ಲ. ಶರತ್ಕಾಲದಲ್ಲಿ ಮೀನುಗಳನ್ನು ಹಿಡಿದು ಅವರಿಗೇ ವಾಪಸ್ ಕೊಟ್ಟೆ. ಅವರದೇ ಒಂದು ಮೀನಿನ ಕೊಳ ಇತ್ತು, ಅಷ್ಟು ಪುಣ್ಯ.

2022ರ ಮಾರ್ಚ್. ಸಣ್ಣ ಮಳೆ, ಚಳಿ ಅಷ್ಟಿಲ್ಲದ ರಾತ್ರಿ. ಕಸದ ಡಬ್ಬಿ ಹೊರಗಿಡಲು ಹೋದವನಿಗೆ ಕಲ್ಲುಹಾಸಿನ ಮೇಲೆ ಬೆರಳುದ್ದದ ಏನೋ ಕಂಡಿತು. ಹಲ್ಲಿಯಾಗಿದ್ದರೆ ಓಡಿಹೋಗುತ್ತಿತ್ತು. ಇದು ಓಡಲಿಲ್ಲ. ಒಂದು ಕಾಲು ಎತ್ತಿ, ನಿಂತು, ಯೋಚಿಸಿ, ಇನ್ನೊಂದು ಕಾಲು ಎತ್ತಿತು. ಕಲ್ಲುಹಾಸು ದಾಟಲು ಹತ್ತು ನಿಮಿಷ. ನಾನು ಮಳೆಯಲ್ಲಿ ಡಬ್ಬಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ಅದು ಇಳಿಜಾರಿನಿಂದ ನೀರಿಗೆ ಇಳಿಯಿತು.

ಬ್ರಿಟನ್ನಿನದೇ ಆದ ನ್ಯೂಟ್‌ಗಳು ಮೂರು ಜಾತಿ. ಸಾಮಾನ್ಯವಾಗಿ ಸಿಗುವುದು ಸ್ಮೂತ್ ನ್ಯೂಟ್, ಹೆಚ್ಚೆಂದರೆ 10 ಸೆಂಟಿಮೀಟರ್. ಅದಕ್ಕಿಂತ ಚೂರು ಸಣ್ಣದು ಪಾಮೇಟ್. ಮೂರನೆಯದು ಗ್ರೇಟ್ ಕ್ರೆಸ್ಟೆಡ್: ಕಪ್ಪು ಮೈ, ಕಿತ್ತಳೆ ಹೊಟ್ಟೆ, 15 ಸೆಂಟಿಮೀಟರ್‌ಗೂ ಮೀರಿ ಬೆಳೆಯುತ್ತದೆ. ಅದನ್ನು ಹಿಡಿಯುವುದು, ಅದರ ನೆಲೆ ಕೆಡಿಸುವುದು ಅಪರಾಧ, ಸಮೀಕ್ಷೆ ಮಾಡುವವರಿಗೂ ಲೈಸೆನ್ಸ್ ಬೇಕು. ಮನೆ ಕಟ್ಟುವವರು ಅದರ ಹೆಸರು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ. ನನ್ನಲ್ಲಿಗೆ ಬಂದದ್ದು ಸ್ಮೂತ್ ನ್ಯೂಟ್. ಗಂಟಲಲ್ಲಿ ಚುಕ್ಕೆ ಇದ್ದರೆ ಸ್ಮೂತ್, ಚುಕ್ಕೆಯಿಲ್ಲದ ನಸುಗೆಂಪು ಗಂಟಲಾದರೆ ಪಾಮೇಟ್. ಹೆಣ್ಣುಗಳನ್ನು ಗುರುತಿಸಲು ನನಗೆ ಇದೇ ಆಧಾರ.

ಏಪ್ರಿಲ್ ಪೂರ್ತಿ ಊಟ ಮುಗಿದ ಮೇಲೆ ಟಾರ್ಚ್ ಹಿಡಿದು ಹೊಂಡದ ಪಕ್ಕ ಕೂರುವುದೇ ಕೆಲಸ. ಗಂಡಿಗೆ ಆಗ ತಲೆಯಿಂದ ಬಾಲದ ತುದಿವರೆಗೆ ಅಲೆಅಲೆಯಾದ ಜುಟ್ಟು ಬಂದಿರುತ್ತದೆ, ಹೊಟ್ಟೆ ಕಿತ್ತಳೆ ಬಣ್ಣ, ಮೈತುಂಬ ದುಂಡು ಚುಕ್ಕೆ. ಹೆಣ್ಣಿನ ಮುಂದೆ ಅಡ್ಡ ಬಂದು ನಿಲ್ಲುತ್ತದೆ. ಬಾಲವನ್ನು ಮೈಗೆ ಮಡಚಿ ಬೀಸಣಿಗೆಯ ಹಾಗೆ ಅಲುಗಿಸುತ್ತದೆ. ತನ್ನ ವಾಸನೆ ಅವಳ ಮೂಗಿಗೆ ತಲುಪಲಿ ಅಂತ. ಅವಳು ಮುಖ ತಿರುಗಿಸಿದರೆ ಸುತ್ತು ಹಾಕಿ ಮತ್ತೆ ಎದುರು. ಅವಳಿಗೆ ಮನಸ್ಸಾದರೆ ಗಂಡು ವೀರ್ಯದ ಪುಟ್ಟ ಗಂಟೊಂದನ್ನು ತಳದಲ್ಲಿ ಇಟ್ಟು ಮುಂದೆ ಸಾಗುತ್ತದೆ. ಹಿಂದೆ ಬಂದ ಹೆಣ್ಣು ಅದನ್ನು ತನ್ನೊಳಗೆ ತೆಗೆದುಕೊಳ್ಳುತ್ತಾಳೆ. ಕಪ್ಪೆಗಳ ಹಾಗೆ ಬೆನ್ನ ಮೇಲೆ ಹತ್ತಿ ಅಪ್ಪಿಕೊಳ್ಳುವುದು ಇಲ್ಲ. ಎಷ್ಟೋ ಸಲ ಅವಳು ಅದನ್ನು ತುಳಿದುಕೊಂಡು ಸುಮ್ನೆ ಹೊರಟುಹೋಗುತ್ತಾಳೆ. ಪಾಪ ಅನಿಸುತ್ತದೆ.

ಮೊಟ್ಟೆ ಇಡುವುದು ಇನ್ನೂ ಚಂದ. ಕಪ್ಪೆ ಒಂದೇ ಸಲ ಮುದ್ದೆಯಾಗಿ ಇಟ್ಟು ಕೈತೊಳೆದುಕೊಳ್ಳುತ್ತದೆ. ನ್ಯೂಟ್ ಹಾಗಲ್ಲ, ಒಂದೊಂದಾಗಿ ಇಡುತ್ತದೆ. ಒಂದು ಎಲೆ ಆರಿಸಿ, ಹಿಂಗಾಲುಗಳಿಂದ ಹಿಡಿದು, ಮಡಚಿ, ನಡುವೆ ಒಂದೇ ಮೊಟ್ಟೆ. ಮೊಟ್ಟೆಯ ಲೋಳೆಯೇ ಅಂಟು. ಒಂದು ಹೆಣ್ಣು ಒಂದು ವಸಂತದಲ್ಲಿ ಮುನ್ನೂರಕ್ಕೂ ಹೆಚ್ಚು ಎಲೆ ಹೀಗೆ ಮಡಚಬಲ್ಲಳು. ನನ್ನ ಹೊಂಡದಲ್ಲಿ ಫರ್ಗೆಟ್‌ಮಿನಾಟ್ ಎಲೆಗೇ ಮೊದಲ ಮಣೆ. ಇದು ಗೊತ್ತಿಲ್ಲದೆ ಮೇ ತಿಂಗಳಲ್ಲಿ ಗಿಡ ಅತಿಯಾಯಿತು ಅಂತ ಒಂದು ಬುಟ್ಟಿಯಷ್ಟು ಕತ್ತರಿಸಿ ಗೊಬ್ಬರದ ಗುಂಡಿಗೆ ಎಸೆದೆ. ಎರಡು ದಿನ ಬಿಟ್ಟು ನೋಡಿದರೆ ಎಲೆಗಳೆಲ್ಲ ಮಡಚಿಕೊಂಡಿವೆ. ಒಂದನ್ನು ಬಿಡಿಸಿದೆ. ಒಳಗೆ ಒಣಗಿದ ಕಾಳು. ಈಗ ಗಿಡ ಕತ್ತರಿಸುವುದು ಅಕ್ಟೋಬರ್‌ನಲ್ಲಿ ಮಾತ್ರ. ಕತ್ತರಿಸಿದ್ದನ್ನೂ ಒಂದು ದಿನ ಹೊಂಡದ ಅಂಚಿನಲ್ಲೇ ಬಿಡುತ್ತೇನೆ, ಒಳಗೆ ಸಿಕ್ಕಿಕೊಂಡ ಜೀವಿಗಳು ತಿರುಗಿ ನೀರಿಗೆ ಹೋಗಲಿ ಅಂತ.

ಗ್ರೇಟ್ ಕ್ರೆಸ್ಟೆಡ್ ವಿಷಯದಲ್ಲಿ ಇನ್ನೊಂದು ವಿಚಿತ್ರ ಇದೆ. ಅದರ ಮೊಟ್ಟೆಗಳಲ್ಲಿ ಅರ್ಧದಷ್ಟು ಹೇಗಿದ್ದರೂ ಸಾಯುತ್ತವೆ. ಒಂದನೇ ಕ್ರೋಮೋಸೋಮಿನ ಎರಡೂ ಪ್ರತಿಗಳು ಒಂದೇ ಬಗೆಯವಾದರೆ ಭ್ರೂಣ ಬೆಳೆಯುವುದಿಲ್ಲ. ಅಷ್ಟೆಲ್ಲ ಎಲೆ ಮಡಚಿಯೂ ಹೀಗೆ!

ಎರಡು ಮೂರು ವಾರದಲ್ಲಿ ಮೊಟ್ಟೆಯೊಡೆದು ಮರಿ ಬರುತ್ತದೆ. ಐಸ್‌ಕ್ರೀಮಿನ ಬಿಳಿ ಡಬ್ಬಿಯಲ್ಲಿ ನೀರು ಮೊಗೆದು ನೋಡಿದರೆ ಗೊದಮೊಟ್ಟೆಗೂ ಇದಕ್ಕೂ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತದೆ. ಸಪೂರ ಮೈ, ಕತ್ತಿನ ಎರಡೂ ಬದಿ ಗರಿಯಂಥ ಕಿವಿರು. ಕಪ್ಪೆ ಮರಿಗೆ ಮೊದಲು ಹಿಂಗಾಲು ಮೂಡಿದರೆ ಇದಕ್ಕೆ ಮುಂಗಾಲು. ಪಾಚಿ ತಿನ್ನುವ ಸಾಧು ಅಲ್ಲ, ಹುಟ್ಟಿನಿಂದಲೇ ಬೇಟೆಗಾರ. ನೀರುಚಿಗಟಗಳ ಹಿಂದೆಯೇ ಇರುತ್ತದೆ. ದೊಡ್ಡ ನ್ಯೂಟ್‌ಗಳು ಕಪ್ಪೆಯ ಗೊದಮೊಟ್ಟೆಯನ್ನೂ ಬಿಡುವುದಿಲ್ಲ. ಕಪ್ಪೆಗಾಗಿ ಹೊಂಡ ತೋಡಿದವನಿಗೆ ಇದೂ ಒಂದು ತಮಾಷೆ, ಅಲ್ವಾ?

ಜುಲೈಗೆ ದೊಡ್ಡವು ಕಾಣೆಯಾದವು. ಆಗಸ್ಟ್ ಕೊನೆಗೆ ಮರಿಗಳೂ ಇಲ್ಲ. ಟಾರ್ಚ್ ಹಾಕಿದರೆ ಬಸವನಹುಳು ಮಾತ್ರ. ಹದ್ದೋ ಬೆಕ್ಕೋ ತಿಂದಿರಬೇಕು, ನೀರು ಕೆಟ್ಟಿರಬೇಕು ಅಂತ ತಲೆಕೆಡಿಸಿಕೊಂಡೆ. ಒಂದು ವಾರ ಊಟದ ಹೊತ್ತಿಗೆ ಮನೆಯವಳಿಗೂ ಅದೇ ಕತೆ ಕೇಳಬೇಕಾಯಿತು.

ಆ ಅಕ್ಟೋಬರ್‌ನಲ್ಲಿ ದೀಪಾವಳಿ ಬಂತು. ಹಬ್ಬಕ್ಕೆ ಹಿತ್ತಲು ಒಪ್ಪ ಮಾಡುವ ಚಾಳಿ ಎಲ್ಲಿಗೆ ಹೋದರೂ ಬಿಡುವುದಿಲ್ಲ. ಬೇಲಿಯ ಮೂಲೆಯಲ್ಲಿ ಎರಡು ವರ್ಷದಿಂದ ಕೊಳೆಯುತ್ತಿದ್ದ ಮರದ ದಿಮ್ಮಿಗಳ ರಾಶಿ ಇತ್ತು. ಹೊಂಡ ತೋಡಿದ ಮಣ್ಣು, ಕಲ್ಲೂ ಅಲ್ಲೇ. ಕೆಳಗಿನ ದಿಮ್ಮಿ ಎತ್ತಿದೆ. ಮಣ್ಣಿನ ಬಿರುಕಿನಲ್ಲಿ ಒಣಗಿದ ಹುಣಸೆ ಸಿಪ್ಪೆಯಂಥವು ನಾಲ್ಕು. ಒಂದು ಮೆಲ್ಲಗೆ ಕಾಲು ಒಳಗೆಳೆದುಕೊಂಡಿತು.

ನಾನು ತಿಂಗಳುಗಟ್ಟಲೆ ನೀರಿನಲ್ಲಿ ಹುಡುಕಿದ್ದೆ. ಅವು ಮದುವೆಗೆ ಮಾತ್ರ ನೀರಿಗೆ ಬಂದಿದ್ದವು, ಸಂಸಾರ ಎಲ್ಲ ಇಲ್ಲೇ. ಕಿವಿರು ಹೋಗಿ ಶ್ವಾಸಕೋಶ ಬಂದ ಮರಿಗೆ ಎಫ್ಟ್ ಅನ್ನುತ್ತಾರೆ. ಅದು ನೀರು ಬಿಟ್ಟರೆ ಬೆಳೆದು ದೊಡ್ಡದಾಗಲು ಎರಡು ಮೂರು ವರ್ಷ, ಅಷ್ಟೂ ದಿನ ಹೆಚ್ಚಾಗಿ ನೆಲದ ಮೇಲೇ. ಹಗಲು ಕಲ್ಲಿನಡಿ, ಒದ್ದೆ ರಾತ್ರಿ ಹೊರಗೆ ಬಂದು ಹುಳ, ಎರೆಹುಳ, ಸಣ್ಣ ಸ್ಲಗ್ (ಚಿಪ್ಪಿಲ್ಲದ ಬಸವನಹುಳು) ತಿನ್ನುವುದು. ಚಳಿಗಾಲದಲ್ಲಿ ಹಿಮ ತಾಗದ ಸಂದಿಯಲ್ಲಿ ಜಡವಾಗಿ ಬಿದ್ದಿರುವುದು. ತಡವಾಗಿ ಹುಟ್ಟಿದ ಕೆಲವು ಮರಿಗಳು ಮಾತ್ರ ಕಿವಿರಿನ ಜೊತೆಗೇ ಹೊಂಡದಲ್ಲಿ ಚಳಿಗಾಲ ಕಳೆಯುತ್ತವೆ. 2023ರ ಫೆಬ್ರುವರಿಯಲ್ಲಿ ಅಂಥದ್ದೊಂದು ಕಂಡಿತು.

ದಿಮ್ಮಿಯನ್ನು ಹಾಗೇ ಇಳಿಸಿದೆ. ಆ ವರ್ಷ ಹಬ್ಬಕ್ಕೆ ಆ ಮೂಲೆ ಕೊಳಕಾಗೇ ಉಳಿಯಿತು. ಆಮೇಲೆ ಹೊಂಡಕ್ಕೆ ನಾನು ದುಡ್ಡು ಹಾಕಿಲ್ಲ. ರಾಶಿಗೆ ಇನ್ನಷ್ಟು ದಿಮ್ಮಿ ಸೇರಿಸಿದೆ, ಕೆಳಗಿನವನ್ನು ಅರ್ಧ ಹೂತೆ. ಹೊಂಡದಿಂದ ರಾಶಿವರೆಗೆ ಒಂದು ಪಟ್ಟಿ ಹುಲ್ಲು ಕತ್ತರಿಸುವುದು ನಿಲ್ಲಿಸಿದೆ. ಬೇಲಿಯ ಅಡಿಯಲ್ಲಿ ಅಲ್ಲಲ್ಲಿ ಕೈ ತೂರುವಷ್ಟು ಜಾಗ ಬಿಡಿಸಿದೆ. 2023ರ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ಹನ್ನೊಂದು ಎಣಿಸಿದೆ, ಮರುವರ್ಷ ಹತ್ತೊಂಬತ್ತು.

2024ರ ಮೇನಲ್ಲಿ ಅಮ್ಮ ಬಂದರು. ನಮ್ಮ ಪಶ್ಚಿಮಘಟ್ಟದಲ್ಲಿ ಅಷ್ಟು ಬಗೆಯ ಕಪ್ಪೆಗಳಿದ್ದರೂ ನ್ಯೂಟ್ ಇಲ್ಲ. ಭಾರತದಲ್ಲಿ ಇದರ ಬಳಗ ನೋಡಬೇಕೆಂದರೆ ಡಾರ್ಜಿಲಿಂಗ್, ಈಶಾನ್ಯದ ಕಡೆ ಹೋಗಬೇಕು. ಹಾಗಾಗಿ ಎಪ್ಪತ್ತು ದಾಟಿದ ಅಮ್ಮನಿಗೂ ಇದು ಹೊಸದು. ಶಾಲು ಹೊದ್ದು ಹೊಂಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಟಾರ್ಚಿನ ಬೆಳಕಲ್ಲಿ ಒಂದು ಹೆಣ್ಣು ಎಲೆ ಮಡಚುತ್ತಿತ್ತು. "ಕವಳ ಕಟ್ಟೋ ಹಾಗೆ ಕಟ್ಟುತ್ತೆ ನೋಡೋ" ಅಂದರು. ಹಲ್ಲಿ ಶಕುನದ ಮಾತು ಬರಲಿಲ್ಲ.

ಕಟ್ಟಿಗೆ ರಾಶಿ ಮಾತ್ರ ಅವರಿಗೆ ಹಿಡಿಸಲಿಲ್ಲ. "ಮಳೆಗೆ ನೆನೆದು ಹೋಗ್ತಿದೆಯಲ್ಲೋ, ಮುಚ್ಚಬಾರದಾ?"

"ನೆನೀಬೇಕಮ್ಮ, ಅದಕ್ಕೇ ಇಟ್ಟಿರೋದು" ಅಂದೆ.

ಮರುದಿನ ನಾನು ಏಳುವ ಹೊತ್ತಿಗೆ ರಾಶಿಯ ಮೇಲರ್ಧ ಊರಿನ ಸೌದೆ ಕೊಟ್ಟಿಗೆಯ ಹಾಗೆ ಸಾಲಾಗಿ ಜೋಡಿಸಿಟ್ಟಿತ್ತು. ಅಮ್ಮ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. "ಕೆಳಗಿನದು ಮುಟ್ಟಲಿಲ್ಲ. ಒಂದು ಮರಿ ಮಲಗಿತ್ತು, ಹಾಗೇ ಮುಚ್ಚಿದೆ."